ಲಿನಕ್ಸ್ ಓಡುತ್ತದೆ, ಪ್ರಿಂಟರ್ ಓಡುವುದಿಲ್ಲ: ಸರ್ಕಾರದ ಮುಕ್ತ ತಂತ್ರಾಂಶ ನೀತಿ ಎಲ್ಲಿ ಎಡವುತ್ತಿದೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯ ಶಿಕ್ಷಕ. ಲ್ಯಾಬಿನಲ್ಲಿ ಇರುವುದೆಲ್ಲ ಹಳೆಯ ಕಂಪ್ಯೂಟರ್. ವಿಂಡೋಸ್ 10ರ ಸಪೋರ್ಟ್ ನಿಂತಿತು, 11 ಇವುಗಳಿಗೆ ಹತ್ತುವುದಿಲ್ಲ. ಹಾಗಾಗಿ ವಿಂಡೋಸ್ ಬದಲು ಮುಕ್ತ ತಂತ್ರಾಂಶವಾದ ಲಿನಕ್ಸ್ ಹಾಕಿದೆವು. ಕಂಪ್ಯೂಟರ್‌ಗಳು ಮೊದಲಿಗಿಂತ ಚುರುಕಾಗಿವೆ. ಆದರೆ ಆಫೀಸಿನ ಲೇಸರ್ ಪ್ರಿಂಟರ್ ಮತ್ತು ಆಧಾರ್ ಬೆರಳಚ್ಚು ಸ್ಕ್ಯಾನರ್ ಎರಡೂ ಮುಷ್ಕರ ಹೂಡಿವೆ. ಸರ್ಕಾರವೇ ಮುಕ್ತ ತಂತ್ರಾಂಶ ಬಳಸಿ ಅಂತ ನೀತಿ ಮಾಡಿದೆಯಂತೆ. ಹಾಗಿದ್ದ ಮೇಲೆ ಅದಕ್ಕೆ ಹೊಂದದ ಸಾಮಾನನ್ನು ಅದೇ ಸರ್ಕಾರ ಯಾಕೆ ಕೊಳ್ಳುತ್ತದೆ? ಮುಂದಿನ ವರ್ಷ ದಾನಿಗಳೊಬ್ಬರು ಹೊಸ ಕಂಪ್ಯೂಟರ್ ಕೊಡಿಸುತ್ತಾರಂತೆ. ಕರ್ನಾಟಕ ಸರ್ಕಾರ ತಂದಿರುವ ಕಿಯೋ ಕಂಪ್ಯೂಟರ್ ತಗೊಳ್ಳಬಹುದಾ? ಅದು ಓಪನ್ ಹಾರ್ಡ್‌ವೇರ್ ಅಂತಾರೆ. ಎಲ್ಲವೂ ಹೊಂದುತ್ತದೆಯೇ?

ಉತ್ತರ: ನೀತಿ ಇರುವುದು ನಿಜ. ಕೇಂದ್ರ ಸರ್ಕಾರ 2015ರ ಮಾರ್ಚ್‌ನಲ್ಲಿ ಓಪನ್ ಸೋರ್ಸ್ (ಸೋರ್ಸ್ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ) ತಂತ್ರಾಂಶ ಅಳವಡಿಕೆಯ ನೀತಿ ಹೊರಡಿಸಿತು. ಇ-ಆಡಳಿತದ ಹೊಸ ವ್ಯವಸ್ಥೆಗಳಲ್ಲಿ ಓಪನ್ ಸೋರ್ಸಿಗೆ ಆದ್ಯತೆ ಇರಬೇಕು ಅನ್ನುವುದು ಅದರ ತಿರುಳು. ಟೆಂಡರ್ ಕರೆಯುವಾಗ ಓಪನ್ ಸೋರ್ಸನ್ನೂ ಪರಿಗಣಿಸಲೇಬೇಕು ಎಂಬ ಷರತ್ತು ಬರೆಯಬೇಕು. ಪೂರೈಕೆದಾರ ಅದನ್ನು ಕೈಬಿಟ್ಟರೆ ಯಾಕೆ ಬಿಟ್ಟೆ ಎಂದು ಕಾರಣ ಕೊಡಬೇಕು. ಅದಕ್ಕೂ ಮುಂಚೆ 2010ರಲ್ಲಿ ಓಪನ್ ಸ್ಟ್ಯಾಂಡರ್ಡ್ ನೀತಿಯೂ ಬಂದಿತ್ತು. ರಾಯಲ್ಟಿ ಕೇಳದ, ಯಾರು ಬೇಕಾದರೂ ಅಳವಡಿಸಬಹುದಾದ ಮಾನದಂಡಗಳನ್ನೇ ಬಳಸಿ ಅಂತ ಅದು ಹೇಳುತ್ತದೆ.

ಕಾಗದದ ಮೇಲೆ ಕೊರತೆ ಕಾಣುವುದಿಲ್ಲ, ಅಲ್ವಾ? ಆದರೆ ಸಂದು ಇದೆ. 2015ರ ನೀತಿ ಕೇಂದ್ರದ ಇಲಾಖೆಗಳಿಗೆ ಕಡ್ಡಾಯ. ರಾಜ್ಯಗಳಲ್ಲಿ, ಅದನ್ನು ಒಪ್ಪಿಕೊಂಡವಕ್ಕೆ ಮಾತ್ರ. ತುರ್ತು ಕಾರಣ, ಪರಿಣತರ ಕೊರತೆ ಇಂಥವನ್ನು ಮುಂದಿಟ್ಟು ವಿನಾಯಿತಿ ಪಡೆಯಲೂ ದಾರಿ ಇದೆ. ನನ್ನ ಲೆಕ್ಕದಲ್ಲಿ ಇವು ದೊಡ್ಡ ತೊಂದರೆ ಅಲ್ಲ. ದೊಡ್ಡ ತೊಂದರೆ ಬೇರೆ. 2015ರ ನೀತಿ ತಂತ್ರಾಂಶ ಕಟ್ಟಿಸುವವರಿಗೆ ಬರೆದದ್ದು. ಪ್ರಿಂಟರ್, ಸ್ಕ್ಯಾನರ್, ವೈಫೈ ಡಾಂಗಲ್ ಕೊಳ್ಳುವುದು ಬೇರೆ ಫೈಲು, ಬೇರೆ ಟೇಬಲ್ಲು. ಆ ಫೈಲಿನಲ್ಲಿ ಓಪನ್ ಸೋರ್ಸ್ ಎಂಬ ಮಾತೇ ಬರುವುದಿಲ್ಲ. ಕೊಳ್ಳುವ ಪ್ರತಿ ಸಾಧನ ಮುಕ್ತ ವ್ಯವಸ್ಥೆಯಲ್ಲಿ ಕೆಲಸ ಮಾಡಲೇಬೇಕು, ಮಾಡಿ ತೋರಿಸಲೇಬೇಕು ಎಂಬ ಪರೀಕ್ಷೆಯನ್ನು ನೀತಿ ಹಾಕಿಲ್ಲ. ನಿಮ್ಮ ಪ್ರಿಂಟರ್ ನಿಮ್ಮ ಶಾಲೆಗೆ ಬಂದದ್ದು ಆ ಸಂದಿನಿಂದಲೇ.

ಈಗ ಆ ಪ್ರಿಂಟರನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಯಾವ ಮಾಡೆಲ್ ಎಂದು ನೀವು ಬರೆದಿಲ್ಲ. ನಮ್ಮ ಆಫೀಸುಗಳಲ್ಲಿ ಜಾಸ್ತಿ ಕಾಣುವ ಎರಡನ್ನು ಹೇಳುತ್ತೇನೆ, ಬಹುಶಃ ಇವುಗಳಲ್ಲೇ ಒಂದಿರಬಹುದು.

ಒಂದು ಕ್ಯಾನನ್ ಎಲ್‌ಬಿಪಿ 2900. ತಾಲೂಕು ಕಚೇರಿಯಿಂದ ಜೆರಾಕ್ಸ್ ಅಂಗಡಿಯವರೆಗೆ ಎಲ್ಲ ಕಡೆ ಇದೆ. ಗಟ್ಟಿ ಯಂತ್ರ, ಆ ಬಗ್ಗೆ ದೂರಿಲ್ಲ. ಆದರೆ ಇದಕ್ಕೆ ಪುಟವನ್ನು ತಾನೇ ಚಿತ್ರಿಸಿಕೊಳ್ಳುವ ಬುದ್ಧಿ ಇಲ್ಲ. ಅಕ್ಷರ, ಗೆರೆ, ಫೋಟೋ ಎಲ್ಲವನ್ನೂ ಕಂಪ್ಯೂಟರ್ ಚುಕ್ಕಿಗಳಾಗಿ ಮಾಡಿ ಕೊಡಬೇಕು. ಅದನ್ನೂ ಕ್ಯಾಪ್ಟ್ ಎಂಬ ಕಂಪನಿಯ ಸ್ವಂತ ಪ್ರೋಟೊಕಾಲಿನಲ್ಲೇ ಕೊಡಬೇಕು. ಅದರ ವಿವರವನ್ನು ಕಂಪನಿ ಬಿಟ್ಟುಕೊಟ್ಟಿಲ್ಲ. ಲಿನಕ್ಸಿಗೆ ಕಂಪನಿಯದೇ ಒಂದು ಡ್ರೈವರ್ (ಕಂಪ್ಯೂಟರ್ ಪ್ರಿಂಟರಿನ ಜೊತೆ ಮಾತಾಡಲು ಬೇಕಾದ ತಂತ್ರಾಂಶ) ಇದೆ. ಆದರೆ 64-ಬಿಟ್ ಯಂತ್ರದಲ್ಲೂ ಅದು 32-ಬಿಟ್ ಲೈಬ್ರರಿಗಳನ್ನು ಕೇಳುತ್ತದೆ. ಉತ್ಸಾಹಿಗಳು ಪ್ರೋಟೊಕಾಲನ್ನು ತಾವೇ ಬಿಡಿಸಿ ಒಂದು ಮುಕ್ತ ಡ್ರೈವರ್ ಬರೆದಿದ್ದಾರೆ. ಮನೆಯಲ್ಲಿ ಪ್ರಯೋಗ ಮಾಡಲು ಅದು ಸಾಕು. ಅಂಕಪಟ್ಟಿ ಮುದ್ರಿಸುವ ದಿನ ಅದನ್ನು ನಂಬಿ ಕೂರಲು ನಾನು ಹೇಳಲಾರೆ.

ಇನ್ನೊಂದು ಎಚ್‌ಪಿ ಲೇಸರ್‌ಜೆಟ್ 1020. ಇದರದು ಇನ್ನೂ ತಮಾಷೆ. ಇದು ತನ್ನ ಫರ್ಮ್‌ವೇರನ್ನು, ಅಂದರೆ ಯಂತ್ರವನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನು, ತನ್ನಲ್ಲಿ ಉಳಿಸಿಕೊಳ್ಳುವುದೇ ಇಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಆ ಫರ್ಮ್‌ವೇರ್ ಫೈಲನ್ನು ಅದಕ್ಕೆ ಕಳಿಸಿಕೊಡಬೇಕು. ಕಳಿಸದಿದ್ದರೆ ದೀಪ ಹತ್ತುತ್ತದೆ, ಕ್ಯೂನಲ್ಲಿ ಫೈಲು ಕಾಣುತ್ತದೆ, ಹಾಳೆ ಮಾತ್ರ ಬರುವುದಿಲ್ಲ. ಪ್ರಿಂಟರ್ ಕೆಟ್ಟಿದೆ ಅಂತ ಎಷ್ಟೋ ಜನ ಮೂಲೆಗೆ ಹಾಕಿರುತ್ತಾರೆ. ಇದಕ್ಕೆ ಮುಕ್ತ ಡ್ರೈವರ್ ಇದೆ. ಫರ್ಮ್‌ವೇರ್ ಫೈಲನ್ನು ಒಮ್ಮೆ ಸರಿಯಾದ ಜಾಗದಲ್ಲಿ ಇಟ್ಟರೆ ಸಾಕು, ಆಮೇಲೆ ತಾನೇ ನಡೆಯುತ್ತದೆ. ನಿಮ್ಮದು ಇದೇ ಆಗಿದ್ದರೆ ಅರ್ಧ ಗಂಟೆಯ ಕೆಲಸ.

ಈ ಎರಡರ ನಡುವಿನ ವ್ಯತ್ಯಾಸ ಗಮನಿಸಿ. ನೀತಿ ಬರೆಯುವವರು ಇಲ್ಲೇ ತಪ್ಪುತ್ತಾರೆ. 1020ರ ಫರ್ಮ್‌ವೇರ್ ಮುಚ್ಚಿದ್ದೇ, ಆದರೆ ಅದು ಓಡುವುದು ಪ್ರಿಂಟರ್ ಒಳಗಿನ ಚಿಪ್‌ನಲ್ಲಿ. ನಿಮ್ಮ ಕಂಪ್ಯೂಟರಿನ ಚಿಪ್ ಯಾವುದಾದರೂ ಅದಕ್ಕೆ ಚಿಂತೆ ಇಲ್ಲ. ಕಂಪ್ಯೂಟರ್ ಕಡೆ ಓಡುವ ಡ್ರೈವರಿನ ಸೋರ್ಸ್ ಕೋಡ್ ಬಯಲಲ್ಲಿದೆ. ಇಂಟೆಲ್ ಇರಲಿ, ಎಆರ್‌ಎಂ ಇರಲಿ, ರಿಸ್ಕ್-ವಿ ಇರಲಿ, ಅದನ್ನು ಆಯಾ ಚಿಪ್‌ಗೆ ಮತ್ತೆ ಕಂಪೈಲ್ ಮಾಡಿಕೊಂಡರಾಯಿತು, ಅಂದರೆ ಆ ಚಿಪ್‌ನ ಭಾಷೆಗೆ ಬದಲಿಸಿಕೊಂಡರಾಯಿತು. 2900ರ ಕಂಪನಿ ಡ್ರೈವರ್ ಹಾಗಲ್ಲ. ಅದು ಇಂಟೆಲ್ ಮಾದರಿಯ ಯಂತ್ರಗಳಿಗೆಂದು ಮೊದಲೇ ಕಂಪೈಲ್ ಆಗಿ ಬಂದ ಫೈಲು. ಬೇರೆ ಚಿಪ್ ಮೇಲೆ ಅದು ಮಿಸುಕುವುದೇ ಇಲ್ಲ. ಬಾಕ್ಸಿನ ಮೇಲೆ ‘ಲಿನಕ್ಸ್ ಸಪೋರ್ಟ್ ಇದೆ’ ಎಂದು ಅಚ್ಚು ಹಾಕಲು ಎರಡಕ್ಕೂ ಅಡ್ಡಿಯಿಲ್ಲ!

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಿಯೋ ವಿಷಯಕ್ಕೆ ಬರೋಣ. ಕರ್ನಾಟಕ ಸರ್ಕಾರ 2025ರ ನವೆಂಬರ್‌ನಲ್ಲಿ, ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಇದನ್ನು ಬಿಡುಗಡೆ ಮಾಡಿತು. ಐಟಿ-ಬಿಟಿ ಇಲಾಖೆ ಮತ್ತು ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಯೋಜನೆ. ಪುಟ್ಟ ಡಬ್ಬಿಯಂಥ ಕಂಪ್ಯೂಟರ್. ಆಗ ಹೇಳಿದ ಬೆಲೆ 18,999 ರೂಪಾಯಿ. ಒಳಗೆ ರಿಸ್ಕ್-ವಿ ಪ್ರೊಸೆಸರ್, ಮೇಲೆ ಲಿನಕ್ಸ್. ಒಂದು ರಾಜ್ಯ ಸರ್ಕಾರ ಮುಕ್ತ ತಂತ್ರಾಂಶ, ಮುಕ್ತ ಹಾರ್ಡ್‌ವೇರ್ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಜನರಿಗೆ ಮಾರಲು ಹೊರಟಿದ್ದು ಸಣ್ಣ ಮಾತಲ್ಲ. ನನಗೆ ಖುಷಿಯಾಯಿತು. ಆದರೂ ಕೆಲವು ಪ್ರಶ್ನೆ ಕೇಳದೆ ಹಣ ಕೊಡಬೇಡಿ.

ರಿಸ್ಕ್-ವಿಯಲ್ಲಿ ಮುಕ್ತವಾಗಿರುವುದು ಇನ್‌ಸ್ಟ್ರಕ್ಷನ್ ಸೆಟ್. ಅಂದರೆ ಪ್ರೊಸೆಸರಿಗೆ ಅರ್ಥವಾಗುವ ಆಜ್ಞೆಗಳ ಪಟ್ಟಿ. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾದ ಕೆಲಸ ಇದು. ಅದನ್ನು ಬಳಸಿ ಯಾರು ಬೇಕಾದರೂ ಚಿಪ್ ಮಾಡಬಹುದು, ಲೈಸೆನ್ಸ್ ಶುಲ್ಕ ಇಲ್ಲ. ನಮ್ಮಲ್ಲಿ ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ಹುಟ್ಟಿದ್ದು ಹಾಗೆಯೇ. ಕೇಂದ್ರ ಸರ್ಕಾರ 2022ರಲ್ಲಿ ಡಿಐಆರ್-ವಿ ಎಂಬ ಕಾರ್ಯಕ್ರಮವನ್ನೇ ಇದಕ್ಕಾಗಿ ಶುರು ಮಾಡಿತು. ಆದರೆ ಅಕ್ಷರಮಾಲೆ ಎಲ್ಲರ ಸ್ವತ್ತಾದರೂ ಅದರಲ್ಲಿ ಬರೆದ ಪುಸ್ತಕಕ್ಕೆ ಕಾಪಿರೈಟ್ ಇರಬಹುದು. ಹಾಗೆಯೇ ರಿಸ್ಕ್-ವಿ ಬಳಸಿದ ಚಿಪ್‌ನ ವಿನ್ಯಾಸ ಪೂರ್ತಿ ಮುಚ್ಚಿದ್ದೂ ಆಗಿರಬಹುದು. ಪ್ರೊಸೆಸರ್ ಕೋರ್ ಪಕ್ಕದಲ್ಲೇ ಗ್ರಾಫಿಕ್ಸ್, ವಿಡಿಯೋ ಡಿಕೋಡರ್, ವೈಫೈ ಇರುತ್ತವೆ. ಎಷ್ಟೋ ರಿಸ್ಕ್-ವಿ ಬೋರ್ಡ್‌ಗಳಲ್ಲಿ ತಲೆನೋವು ಬಂದಿರುವುದು ಅವುಗಳಿಂದ. ಗ್ರಾಫಿಕ್ಸ್ ಭಾಗವನ್ನು ಬೇರೆ ಕಂಪನಿಯಿಂದ ತಂದಿರುತ್ತಾರೆ. ಅದರ ಡ್ರೈವರ್ ಆ ಕಂಪನಿ ಕೊಟ್ಟ ಹಳೆಯ ಕರ್ನಲ್ (ಲಿನಕ್ಸಿನ ತಿರುಳಾದ ತಂತ್ರಾಂಶ) ಜೊತೆ ಮಾತ್ರ ಓಡುತ್ತದೆ. ಬೋರ್ಡ್ ಆ ಹಳೆಯ ಕರ್ನಲ್‌ಗೆ ಗಂಟು ಬಿದ್ದ ಮೇಲೆ ಭದ್ರತಾ ಅಪ್‌ಡೇಟ್‌ಗಳೂ ಆ ಕಂಪನಿಯ ಮರ್ಜಿ.

ಇನ್ನೊಂದು ಸಂಗತಿ. ಉಬುಂಟು ಎಂಬ ಜನಪ್ರಿಯ ಲಿನಕ್ಸಿನ 2025ರ ಅಕ್ಟೋಬರ್ ಆವೃತ್ತಿ, ಅಂದರೆ 25.10, ರಿಸ್ಕ್-ವಿ ಯಂತ್ರಗಳಿಗೆ ಆರ್‌ವಿಎ23 ಎಂಬ ಹೊಸ ಮಟ್ಟವನ್ನು, ಅಂದರೆ ಚಿಪ್‌ಗೆ ಗೊತ್ತಿರಲೇಬೇಕಾದ ಆಜ್ಞೆಗಳ ಪಟ್ಟಿಯನ್ನು, ಕಡ್ಡಾಯ ಮಾಡಿತು. ಆ ಮಟ್ಟಕ್ಕೆ ಅಂತಿಮ ಒಪ್ಪಿಗೆ ಸಿಕ್ಕಿದ್ದೇ 2024ರ ಅಕ್ಟೋಬರ್‌ನಲ್ಲಿ. ಆ ಹೊತ್ತಿಗೆ ಮಾರುಕಟ್ಟೆಯಲ್ಲಿದ್ದ ಬೋರ್ಡ್‌ಗಳಲ್ಲಿ ಹೆಚ್ಚುಕಮ್ಮಿ ಯಾವುದೂ ಅದನ್ನು ಮುಟ್ಟುತ್ತಿರಲಿಲ್ಲ. ಅವೆಲ್ಲ ಹಿಂದಿನ 24.04 ಆವೃತ್ತಿಯಲ್ಲೇ ಉಳಿಯಬೇಕಾಯಿತು. 24.04ಕ್ಕೆ ಇನ್ನೂ ಕೆಲವು ವರ್ಷ ಅಪ್‌ಡೇಟ್ ಬರುತ್ತದೆ, ಗಾಬರಿ ಬೇಡ. ಆದರೆ ಶಾಲೆಯ ಕಂಪ್ಯೂಟರನ್ನು ನಾವು ಎಂಟು ಹತ್ತು ವರ್ಷ ಜಗ್ಗುತ್ತೇವೆ ತಾನೇ? ಹಾಗಾಗಿ ಮಾರುವವರನ್ನು ನೇರವಾಗಿ ಕೇಳಿ. ಚಿಪ್ ಯಾವುದು? ಆರ್‌ವಿಎ23ಕ್ಕೆ ಹೊಂದುತ್ತದೆಯೇ? ಕರ್ನಲ್ ಕಂಪನಿ ತಿದ್ದಿದ್ದೋ, ಎಲ್ಲರೂ ಬಳಸುವ ಮುಖ್ಯ ಕರ್ನಲ್ಲೋ? ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ, ಅದನ್ನು ಬರವಣಿಗೆಯಲ್ಲಿ ಕೊಡುತ್ತೀರಾ? ನಾಲ್ಕಕ್ಕೂ ಸರಿಯಾದ ಉತ್ತರ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ. ಸಿಗದಿದ್ದರೆ ಒಂದೇ ಒಂದು ತರಿಸಿ, ಕೆಲವು ತಿಂಗಳು ಬಳಸಿ ನೋಡಿ.

ಮಕ್ಕಳ ಕಲಿಕೆಗೆ ಬೇಕಾದ್ದು ಅದರಲ್ಲಿ ಸಿಗುತ್ತದೆಯೇ ಎಂಬ ಅನುಮಾನ ಬೇಡ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ಪೈಥಾನ್ ಎಲ್ಲದರ ಸೋರ್ಸ್ ಬಯಲಲ್ಲಿದೆ, ರಿಸ್ಕ್-ವಿಗೂ ಬಂದಿವೆ. ಕನ್ನಡ ಟೈಪಿಂಗೂ ಅಷ್ಟೇ. ನುಡಿಯಲ್ಲಿ ಕಲಿತ ಕಗಪ ಕೀಲಿಮಣೆ ಲಿನಕ್ಸಿನಲ್ಲಿ ಮೊದಲಿಂದಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಆರಿಸುವಾಗ ಹೆಸರು ಕಾಣುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆಗಳು ಮಾತ್ರ ವಿಚಿತ್ರ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ, ಬಳಸಿ. 2009ರಲ್ಲೇ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯುನಿಕೋಡೇ ಮಾನದಂಡ ಎಂದಿತ್ತು. ಆದರೂ ಯುನಿಕೋಡ್ ಅಲ್ಲದ ಆ ಹಳೆಯ ಆಸ್ಕಿ ಫಾಂಟಿನ ಫೈಲುಗಳು ಇನ್ನೂ ಓಡಾಡುತ್ತಿರುತ್ತವೆ. ನೀತಿಗೂ ಟೇಬಲ್ಲಿಗೂ ಇರುವ ದೂರ ಅಷ್ಟು.

ಬೆರಳಚ್ಚು ಸ್ಕ್ಯಾನರ್ ವಿಷಯದಲ್ಲಿ ನಾನು ನಿಮಗೆ ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಆಧಾರ್ ದೃಢೀಕರಣಕ್ಕೆ ಬಳಸುವ ಸಾಧನಗಳು ‘ರಿಜಿಸ್ಟರ್ಡ್ ಡಿವೈಸ್’ ಆಗಿರಬೇಕು ಎಂಬ ನಿಯಮ 2017ರಿಂದ ಜಾರಿಯಲ್ಲಿದೆ. ಬೆರಳಿನ ಗುರುತನ್ನು ಕದ್ದು ಇನ್ನೊಮ್ಮೆ ಬಳಸಬಾರದಲ್ಲ, ಅದಕ್ಕೆ. ಸ್ಕ್ಯಾನ್ ಆದ ಕೂಡಲೇ ಅದಕ್ಕೆ ಸಹಿ ಹಾಕಿ, ಗೂಢಲಿಪಿ ಮಾಡಿ ಕಳಿಸುವ ‘ಆರ್‌ಡಿ ಸರ್ವಿಸ್’ ಎಂಬ ತಂತ್ರಾಂಶವನ್ನು ಕಂಪನಿಯೇ ಕೊಡುತ್ತದೆ, ಪ್ರಮಾಣೀಕರಣ ಮಾಡಿಸುತ್ತದೆ. ಆ ಉದ್ದೇಶವನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಕಂಪನಿಗಳು ಇದನ್ನು ಹೆಚ್ಚಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾಡುತ್ತವೆ. ಬೇರೆಯವರು ಲಿನಕ್ಸಿಗೆ ಬರೆದುಕೊಂಡರೂ ಆಧಾರ್ ವ್ಯವಸ್ಥೆ ಒಪ್ಪುವುದಿಲ್ಲ, ಯಾಕೆಂದರೆ ಸಹಿ ಹಾಕುವ ಕೀಲಿ ಕಂಪನಿಯ ಬಳಿ ಇದೆ. ಇಲ್ಲಿ ದಾರಿ ತೆರೆಯಬಲ್ಲದ್ದು ಸರ್ಕಾರ ಮಾತ್ರ: ಲಿನಕ್ಸಿಗೂ ಆರ್‌ಡಿ ಸರ್ವಿಸ್ ಕೊಟ್ಟವರ ಸಾಧನವನ್ನೇ ಕೊಳ್ಳುತ್ತೇವೆ ಎಂದು ಖರೀದಿದಾರನಾಗಿ ಹೇಳಬಹುದು. ಅಲ್ಲಿಯವರೆಗೆ ಸ್ಕ್ಯಾನರನ್ನು ಒಂದು ಆಂಡ್ರಾಯ್ಡ್ ಟ್ಯಾಬ್‌ಗೆ ಹಾಕಿಬಿಡಿ. ಲ್ಯಾಬ್ ಪೂರ್ತಿ ವಾಪಸ್ ವಿಂಡೋಸಿಗೆ ಹೋಗುವುದು ಬೇಡ. ಮುಖ್ಯ ಶಿಕ್ಷಕರ ಡಿಜಿಟಲ್ ಸಹಿ ಟೋಕನ್ ಇದ್ದರೆ ಅದರ ಕಥೆ ಇಷ್ಟು ಕೆಟ್ಟದಾಗಿಲ್ಲ. ಕೆಲವು ಮಾದರಿ ಓಪನ್‌ಎಸ್‌ಸಿ ಎಂಬ ಮುಕ್ತ ತಂತ್ರಾಂಶದಲ್ಲೇ ನಡೆಯುತ್ತವೆ. ಟೋಕನ್ ಕೊಳ್ಳುವ ಮುನ್ನ ವಿಚಾರಿಸಿ.

ಈಗ ನಿಮ್ಮ ಮೂಲ ಪ್ರಶ್ನೆ: ಹೊಂದದ ಸಾಮಾನನ್ನು ಸರ್ಕಾರವೇ ಯಾಕೆ ಕೊಳ್ಳುತ್ತದೆ? ದುರುದ್ದೇಶಕ್ಕಿಂತ ಅಭ್ಯಾಸ ಜಾಸ್ತಿ ಎಂಬುದು ನನ್ನ ಅನಿಸಿಕೆ. ಹಳೆಯ ಟೆಂಡರಿನ ಪ್ರತಿ ತೆಗೆದು ದಿನಾಂಕ ಬದಲಿಸುತ್ತಾರೆ. ಅದರಲ್ಲಿ ಪ್ರಿಂಟರಿಗೆ ನಿಮಿಷಕ್ಕೆ ಎಷ್ಟು ಪುಟ, ಎಷ್ಟು ಡಿಪಿಐ, ಯುಎಸ್‌ಬಿ ಇದೆಯೇ, ಇಷ್ಟೇ ಇರುತ್ತದೆ. ಕಡಿಮೆ ಬೆಲೆ ಹೇಳಿದವರಿಗೆ ಆರ್ಡರ್. ಪ್ರಿಂಟರಿನ ಬುದ್ಧಿಯನ್ನು ಕಂಪ್ಯೂಟರಿಗೆ ದಾಟಿಸಿ ಬೆಲೆ ಇಳಿಸಿದ ಯಂತ್ರವೇ ಅಲ್ಲಿ ಗೆಲ್ಲುತ್ತದೆ. ಕಂಪ್ಯೂಟರ್ ಟೆಂಡರಿನಲ್ಲಿ ಇನ್ನೊಂದು ವಿಪರ್ಯಾಸ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 144ನೇ ನಿಯಮ ಸ್ಪಷ್ಟವಾಗಿ ಹೇಳುತ್ತದೆ: ಬೇಕಾದ ವಸ್ತುವಿನ ಕೆಲಸ, ಗುಣ ವಿವರಿಸಿ, ಒಂದು ನಿರ್ದಿಷ್ಟ ಬ್ರಾಂಡಿನ ಹೆಸರು ಹಾಕಬೇಡಿ. ಆದರೂ ‘ವಿಂಡೋಸ್ ಪ್ರೊ ಹಾಕಿಕೊಡಬೇಕು’ ಎಂದು ಹೆಸರು ಹಿಡಿದೇ ಕೇಳುವ ಟೆಂಡರ್‌ಗಳು ಬರುತ್ತಲೇ ಇರುತ್ತವೆ. ಫ್ಯಾನು ಕೊಳ್ಳುವಾಗ ಕಂಪನಿ ಹೆಸರು ಬರೆದರೆ ಆಡಿಟ್‌ನವರು ಎದ್ದು ಕೂರುತ್ತಾರೆ. ಇಲ್ಲಿ ಯಾರಿಗೂ ಅದು ಬ್ರಾಂಡ್ ಅನ್ನಿಸುವುದೇ ಇಲ್ಲ.

ಪಕ್ಕದ ಕೇರಳದಲ್ಲಿ ಈ ಗಂಟು ಹೇಗೆ ಬಿಚ್ಚಿತು ನೋಡಿ. 2000ದ ದಶಕದಲ್ಲೇ ಐಟಿ@ಸ್ಕೂಲ್ ಯೋಜನೆ ಶಾಲೆಗಳನ್ನು ಲಿನಕ್ಸಿಗೆ ತಂದಿತು. ಹತ್ತನೇ ತರಗತಿಯ ಐಟಿ ಪರೀಕ್ಷೆಯೂ ಅದರಲ್ಲೇ. ಈಗ ಕೈಟ್ ಎಂಬ ಸರ್ಕಾರಿ ಕಂಪನಿ ಆ ಕೆಲಸ ನೋಡಿಕೊಳ್ಳುತ್ತದೆ, ಶಾಲೆಗಳಿಗೆಂದೇ ತನ್ನ ಲಿನಕ್ಸ್ ಆವೃತ್ತಿ ಕೊಡುತ್ತದೆ. ಹೈಟೆಕ್ ಶಾಲಾ ಯೋಜನೆಯಲ್ಲಿ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಹೋದವು. ಅಷ್ಟು ದೊಡ್ಡ ಆರ್ಡರ್ ಮುಂದಿದ್ದು, ಎಲ್ಲವೂ ಲಿನಕ್ಸಿನಲ್ಲೇ ಓಡಬೇಕು ಅಂದಾಗ ಡ್ರೈವರ್ ಹುಡುಕುವ ತಾಪತ್ರಯ ಶಿಕ್ಷಕರ ತಲೆಯಿಂದ ಮಾರುವವರ ತಲೆಗೆ ಹೋಗುತ್ತದೆ. ಅಲ್ಲಿಯ ಶಿಕ್ಷಕರು ನಮಗಿಂತ ದೊಡ್ಡ ತಂತ್ರಜ್ಞರು ಅಂತೇನಿಲ್ಲ. ಖರೀದಿ ಮತ್ತು ಪಠ್ಯ ಒಂದೇ ಕಡೆ ತೀರ್ಮಾನವಾದವು, ಅಷ್ಟೇ. ನಮ್ಮಲ್ಲಿ ಒಂದು ಶಾಲೆಗೆ ಇಲಾಖೆಯಿಂದ ನಾಲ್ಕು, ದಾನಿಗಳಿಂದ ಆರು, ಶಾಸಕರ ನಿಧಿಯಿಂದ ಎರಡು ಅಂತ ಬರುತ್ತವೆ. ಯಾರನ್ನು ಕೇಳುವುದು?

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಪೆನ್‌ಡ್ರೈವ್, ಕೀಬೋರ್ಡ್, ವೆಬ್‌ಕ್ಯಾಮ್ ನಿಮಗೆ ಯಾವತ್ತಾದರೂ ಲಿನಕ್ಸಿನಲ್ಲಿ ಕಾಟ ಕೊಟ್ಟಿವೆಯೇ? ಇಲ್ಲ. ಅವುಗಳಿಗೆ ಯುಎಸ್‌ಬಿಯಲ್ಲಿ ಒಂದು ಸಾಮಾನ್ಯ ಮಾನದಂಡ ಇದೆ, ಎಲ್ಲ ಕಂಪನಿಯೂ ಅದನ್ನೇ ಪಾಲಿಸುತ್ತದೆ. ಪ್ರಿಂಟರಿಗೂ ಈಗ ಅಂಥದ್ದು ಬಂದಿದೆ. ಐಪಿಪಿ ಎವರಿವೇರ್, ಏರ್‌ಪ್ರಿಂಟ್ ಎಂಬ ಹೆಸರು ಬಾಕ್ಸಿನ ಮೇಲೆ ಇದ್ದರೆ ಆ ಪ್ರಿಂಟರಿಗೆ ಪ್ರತ್ಯೇಕ ಡ್ರೈವರೇ ಬೇಡ. ಇದು ಸರ್ಕಾರದ ನೀತಿಯಿಂದ ಆದದ್ದಲ್ಲ. ಮೊಬೈಲಿನಿಂದ ಪ್ರಿಂಟ್ ತೆಗೆಯುವ ಆಸೆ ಜನರಿಗೆ ಬಂತು, ಮೊಬೈಲಿನಲ್ಲಿ ಸಿಡಿ ಹಾಕಿ ಡ್ರೈವರ್ ಇನ್‌ಸ್ಟಾಲ್ ಮಾಡಲಾಗದು, ಹಾಗಾಗಿ ಕಂಪನಿಗಳು ದಾರಿಗೆ ಬಂದವು. ಲಿನಕ್ಸಿಗೆ ಲಾಭ ಬಿಟ್ಟಿಯಾಗಿ ಸಿಕ್ಕಿತು. ಈ ಪ್ರಿಂಟರ್‌ಗಳು ಇಂಟೆಲ್ ಕಂಪ್ಯೂಟರಿಗೂ ಕಿಯೋಗೂ ಒಂದೇ ಥರ ಮಾತಾಡುತ್ತವೆ.

ದಾನಿಗಳಿಗೆ ಕೊಡುವ ಪತ್ರದಲ್ಲಿ, ಅಥವಾ ಎಸ್‌ಡಿಎಂಸಿ ಮೂಲಕ ಇಲಾಖೆಗೆ ಹಾಕುವ ಬೇಡಿಕೆಯಲ್ಲಿ, ಹೀಗೆ ಬರೆಯಿರಿ: ‘ಪೂರೈಸುವ ಪ್ರತಿ ಸಾಧನವೂ ಲಿನಕ್ಸಿನ ಸದ್ಯದ ದೀರ್ಘಾವಧಿ ಆವೃತ್ತಿಯಲ್ಲಿ, ಕಂಪನಿಯಿಂದ ಬೇರೆ ಡ್ರೈವರ್ ಹಾಕದೆ, ಪೂರ್ತಿ ಕೆಲಸ ಮಾಡಬೇಕು. ಡ್ರೈವರ್ ಬೇಕೇ ಬೇಕಾದಲ್ಲಿ ಅದರ ಸೋರ್ಸ್ ಕೋಡ್ ಮುಕ್ತ ಲೈಸೆನ್ಸಿನಲ್ಲಿ ಲಭ್ಯವಿರಬೇಕು. ಪ್ರಿಂಟರ್ ಐಪಿಪಿ ಎವರಿವೇರ್ ಮಾನದಂಡ ಪಾಲಿಸಬೇಕು. ಹಣ ಪಾವತಿಗೆ ಮುನ್ನ ಶಾಲೆಯಲ್ಲೇ ಇದನ್ನು ಮಾಡಿ ತೋರಿಸಬೇಕು.’ ಕೊನೆಯ ವಾಕ್ಯವನ್ನು ಮಾತ್ರ ಬಿಡಲೇಬೇಡಿ. ಇಲ್ಲಿ ಯಾವ ಬ್ರಾಂಡಿನ ಹೆಸರೂ ಇಲ್ಲ ಅನ್ನುವುದನ್ನೂ ಗಮನಿಸಿ. ಲಿನಕ್ಸ್ ಒಂದು ಕಂಪನಿಯ ಸರಕಲ್ಲ, ಆದ್ದರಿಂದ 144ನೇ ನಿಯಮ ತೋರಿಸಿ ಆಕ್ಷೇಪ ಎತ್ತುವುದು ಕಷ್ಟ. ಇಲಾಖೆಯೇ ಟೆಂಡರ್ ಕರೆದಿದ್ದರೆ, ಬಿಡ್ ಹಾಕುವ ಮುನ್ನ ಪೂರೈಕೆದಾರರ ಪ್ರಶ್ನೆ ಕೇಳುವ ಪ್ರೀ-ಬಿಡ್ ಸಭೆ ಇರಬಹುದು. ಸ್ಥಳೀಯ ಪೂರೈಕೆದಾರರೊಬ್ಬರು ಅಲ್ಲಿ ಈ ಪ್ರಶ್ನೆ ಎತ್ತಿದರೆ ಉತ್ತರ ದಾಖಲೆಗೆ ಹೋಗುತ್ತದೆ.

ಮಾಡಿ ತೋರಿಸುವುದು ಅಂದರೆ ದೊಡ್ಡ ಪರೀಕ್ಷೆಯೇನಲ್ಲ. ಪೆನ್‌ಡ್ರೈವ್‌ನಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸಿನ ಲೈವ್ ಆವೃತ್ತಿ (ಇನ್‌ಸ್ಟಾಲ್ ಮಾಡದೆಯೇ ಓಡುವಂಥದ್ದು) ಇಟ್ಟುಕೊಳ್ಳಿ. ಅಂಗಡಿಯಲ್ಲೇ ಹೊಸ ಕಂಪ್ಯೂಟರನ್ನು ಅದರಿಂದ ಶುರು ಮಾಡಿ. ವೈಫೈ ಹೆಸರುಗಳು ಕಾಣುತ್ತವೆಯೇ, ಸದ್ದು ಬರುತ್ತದೆಯೇ, ಪ್ರೊಜೆಕ್ಟರಿಗೆ ಚಿತ್ರ ಹೋಗುತ್ತದೆಯೇ, ಮುಚ್ಚಿ ತೆರೆದಾಗ ಲ್ಯಾಪ್‌ಟಾಪ್ ಎಚ್ಚರಾಗುತ್ತದೆಯೇ ನೋಡಿ. ಹತ್ತು ನಿಮಿಷ ಸಾಕು. ಡೆಬಿಯನ್ ಆದರೆ 12 ಅಥವಾ ಅದಕ್ಕಿಂತ ಹೊಸದು ಇರಲಿ. ಮುಚ್ಚಿದ ಫರ್ಮ್‌ವೇರ್ ಫೈಲುಗಳನ್ನು ಮೊದಲಿಂದಲೇ ಜೊತೆಗೆ ಕೊಡುವ ನಿರ್ಧಾರವನ್ನು ಡೆಬಿಯನ್ ಬಳಗ 2022ರಲ್ಲಿ ಮತ ಹಾಕಿಯೇ ಮಾಡಿತು. ಶುದ್ಧ ಮುಕ್ತವಾದಿಗಳಿಗೆ ಅದು ಇಷ್ಟವಾಗಲಿಲ್ಲ. ನಿಮ್ಮ ವೈಫೈ ಮೊದಲ ದಿನವೇ ಹತ್ತಲು ಅದೇ ಕಾರಣ. ಕಿಯೋಗೆ ಮಾತ್ರ ಈ ಪೆನ್‌ಡ್ರೈವ್ ನಡೆಯುವುದಿಲ್ಲ, ಅದರ ಚಿಪ್ ಬೇರೆ. ಅದನ್ನು ಮಾರುವವರ ಕೈಯಲ್ಲೇ ಓಡಿಸಿ, ನಿಮ್ಮ ಪ್ರಿಂಟರನ್ನು ಒಯ್ದು ಸಿಕ್ಕಿಸಿ ನೋಡಿ.

ಸದ್ಯಕ್ಕೆ ನಿಮ್ಮ ಪ್ರಿಂಟರ್ 1020 ಆದರೆ ಮೇಲೆ ಹೇಳಿದ ಹಾಗೆ ಫರ್ಮ್‌ವೇರ್ ಫೈಲ್ ಹಾಕಿ ಮುಗಿಸಿ. 2900 ಆದರೆ ಅದರ ಜೊತೆ ಗುದ್ದಾಡಬೇಡಿ. ಒಂದೇ ಒಂದು ಹಳೆಯ ವಿಂಡೋಸ್ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಸೇರಿಸದೆ ಪ್ರಿಂಟರ್ ಪಕ್ಕ ಇಡಿ, ಪಿಡಿಎಫ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಮುದ್ರಿಸಿ. ಪ್ರಿಂಟರ್ ಸವೆದು ಹೊಸದು ಕೊಳ್ಳುವ ದಿನ ಬಂದಾಗ, ಅಂಗಡಿಗೆ ಹೊರಡುವ ಮುನ್ನ, ಪತ್ರಕ್ಕೆಂದು ಮೇಲೆ ಕೊಟ್ಟ ನಾಲ್ಕು ವಾಕ್ಯಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.